ಸೊನ್ನಿ ಕಾಯಾಂವ

ಆರನೇ ಮಿನಿಟಿಗೆ ಮೊದಲನೇದು ಬಿತ್ತು.
ಕಾಯ್ತಾನ್ ತಲಿ ಕೊಟ್ಟ, ಅಷ್ಟ.
ಇಗರ್ಜಿ ಕಟ್ಟಿ ಮ್ಯಾಲಿನ ಮಂದಿ ಎದ್ದು ಚಪ್ಪಾಳಿ ಹೊಡದರು,
ಎದ್ದವರು ಕೂಡ್ರೂದರಾಗ ಎರಡನೇದು.

ನಾ ಈ ಕಡೆ, ಎರಡು ಕಂಬದ ನಡುವ,
ನಮ್ಮ ಹುಡುಗರ ಬೆನ್ನು ನೋಡಿಕೋತ ನಿಂತೇನಿ.
ಮುಖಕ್ಕಿಂತಾ ಬೆನ್ನ ಹೆಚ್ಚು ಗೊತ್ತು ನನಗ.
ಏಳನೇ ನಂಬರಿನಾಂವ ಎಡಗಾಲು ಒಗೆದು ಓಡ್ತಾನ,
ಗಾವಕರ ದಣಿದರ ಸೊಂಟದ ಮ್ಯಾಲೆ ಕೈ ಇಡ್ತಾನ.
ಇವತ್ತ ಯಾರ ಕೈಯೂ ಸೊಂಟಕ್ಕ ಹೋಗಿಲ್ಲ.

ಮೂರನೇ ಡಿವಿಜನ್ ನಮ್ದು. ಟಿಕೀಟಿಲ್ಲ.
ನಲವತ್ತು ಮಂದಿ, ಒಂದು ಎಮ್ಮಿ,
ಶೇಂಗಾ ಮಾರಾಕ ಬಂದ ನಮ್ಮ ಲಕ್ಷ್ಮೇಶ್ವರದ ಕಡೆ ಮುದುಕ,
ಬೋರ್ಡಿನ ಹತ್ತರ ಮಿಂಗೆಲ್ ಸರ್ ಮೊಮ್ಮಗ.
ನಂಬರೆಲ್ಲಾ ತಗಡು ಕತ್ತರಿಸಿ ಮಾಡಿದ್ದು.
ಸೊನ್ನಿ ಮಾತ್ರ ಬಣ್ಣದ ಡಬ್ಬಿ ಮುಚ್ಚಳ,
ಮೊಳಿಗೆ ಸಿಗಿಸಿದ್ದು, ಗಾಳಿ ಬಿಟ್ಟರ ಟಣ್ ಅಂತದ.
ಆ ಸೊನ್ನಿ ನಂದು.
ಹೊಡದ ಗೋಲು ಹೊಡದವರದು.
ಆಗದ ಗೋಲಿಗೆ ಹೆಸರು ಎಲ್ಲಿಂದ ತರೂದು?

ಮೂರನೇದಕ್ಕ ಅವರು ಒಬ್ಬರ ಮ್ಯಾಲೊಬ್ಬರು ಬಿದ್ದು ಕುಣದರು.
ನಾನೂ ಕುಣದೆ, ಒಬ್ಬನ.
ಒಬ್ಬಾಂವ ಕುಣದರ, ದೂರಿಂದ ನೋಡಿದವರಿಗೆ
ಇರವಿ ಕಡದಂಗ ಕಾಣತದ.
ಗೋಲಿನ ಹಿಂದ ಕುಂತಿದ್ದ ಮಗಳು ಸೌಭಾಗ್ಯ
ಹೊಟ್ಟಿ ಹಿಡಕೊಂಡು ನಕ್ಕಳು.
ಗ್ವಾಡಿ ಮ್ಯಾಲೆ ಇದ್ದಲಿಲೆ ಗೆರಿ ಎಳೀತಾಳ ಆಕಿ,
ನಾ ಚೆಂಡು ಮುಟ್ಟಿದ್ದಕ್ಕ ಒಂದೊಂದು.
ಅರ್ಧ ಆಟಕ್ಕ ಮೂರ ಗೆರಿ,
ಅದೂ ನಾಯಿ ಓಡಿಸಿದ್ದು ಹಿಡದು.
"ಬಾಬಾ, ನೀ ಆಡಾಕ ಬಂದೀಯೋ, ನೋಡಾಕೋ?"

ಆ ಕಡೆ ತುದಿಗೆ, ಬಿಸಲಾಗ, ನನ್ನಂಗ ಒಬ್ಬ.
ಹದಿನೇಳೋ ಹದಿನೆಂಟೋ.
ಕೈಗವಸು ಭಾಳ ದೊಡ್ಡವು, ಅವರ ಅಣ್ಣಂದಿರಬೇಕು.
ಒಂದೊಂದು ಸಲಾನೂ ಬಲಿಯೊಳಗ ಬಗ್ಗಿ
ಹೊಳಿಯಿಂದ ಕೊಡ ಎತ್ತಿದಂಗ ಚೆಂಡು ಎತ್ತತಾನ,
ತುಳುಕಬಾರದು ಅನ್ನೂ ಹಂಗ.
ಆ ಬಗ್ಗೂದು ನನಗ ಗೊತ್ತದ.
ಹೋದ ವರ್ಷ ಇದ ಮೈದಾನದಾಗ ಆರು ಸಲ ಬಗ್ಗೇನಿ.
ಮರದಿನ ವಾಸ್ಕೊ ಜೆಟ್ಟಿಯೊಳಗ ಮೀನಿನ ಕ್ರೇಟ್ ಎತ್ತೂ ಮುಂದ
ಬೆನ್ನು ಯಾವದಕ್ಕ ನೋಯಾಕಹತ್ತೇತಿ
ತಿಳೀಲೇ ಇಲ್ಲ.

ನಾಕಾತು. ಆಟಕ್ಕ ಜೋಂಪು ಹತ್ತಿತು.
ನಮ್ಮವರು ತಮ್ಮತಮ್ಮೊಳಗ ಚೆಂಡು ದಾಟಿಸಿಕೋತ
ಮದವಿ ಮನಿಯಾಗ ಎಲಿಅಡಕಿ ತಾಟು ಸರಿಸಿದಂಗ
ಸುಮ್ಮ ಸರಿಸಿದರು.
ಆಗ ಅವರಾಂವ ಒಬ್ಬ ಸಿಟ್ಟಿಲೆ ದೂರಿಂದ ಒದ್ದ.
ಚೆಂಡು ಹೆಸರು ಕೂಗಿ ಕರದಂಗ ನೆಟ್ಟಗ ಎದಿಗೆ ಬಂತು.
ನಿಂತಲ್ಲೇ ಹಿಡೀಬಹುದಿತ್ತು.
ಅಪ್ಪಿಕೊಂಡು ನೆಲಕ್ಕ ಬಿದ್ದೆ.
ಹುಲ್ಲು, ಚರ್ಮ, ಗೆರಿಯ ಸುಣ್ಣ, ಎಲ್ಲಾ ವಾಸನಿ ಒಮ್ಮೆಲೆ.
"ಉಠ್ ರೇ ಫಕೀರಾ, ಉಠ್!" ರೆಫ್ರಿ ಒದರಿದ.
ಗೋವಾಕ್ಕ ಬಂದು ಹದಿನಾಲ್ಕು ವರ್ಷಾತು,
ಇನ್ನೂ ನನಗದು 'ಊಟ' ಅಂತನ ಕೇಳತದ.
ಎರಡು ಉಸಿರು ಹೆಚ್ಚಿಗೆ ಮಲಗಿದೆ.

ಸೀಟಿ ಆದ ಮ್ಯಾಲೆ ಕೈ ಕುಲುಕಾಕ ಹೋದೆ.
ಹುಡುಗ ಕೈಗವಸು ತಗೀಲಿಲ್ಲ, ಕಣ್ಣು ಎತ್ತಲಿಲ್ಲ.
"ಎರಡನೇದು ಯಾರ ಕೈಲೂ ಆಗತಿರಲಿಲ್ಲ ಬಿಡೋ" ಅಂದೆ,
ನನ್ನ ಹರಕು ಕೊಂಕಣಿಯೊಳಗ.
ಅದು ಖರೇ.
ಮೂರನೇದು ನಾ ಹಿಡೀತಿದ್ದೆ.
ಅದನ್ನ ಹೇಳಲಿಲ್ಲ.

ಕಾಯ್ತಾನನ್ನ ಹೆಗಲ ಮ್ಯಾಲೆ ಹೊತಗೊಂಡು
ಎಲ್ಲಾರೂ ತಾವೆರ್ನಿಗೆ ಹೋದರು.
ಬಲಿ ಬಿಚ್ಚಿ ಸುತ್ತೂದು ನನ್ನ ಪಾಳಿ.
ಮಗಳು ಒಂದು ತುದಿ ಹಿಡಕೊಂಡಳು.
"ಒಟ್ಟ ಐದ ಗೆರಿ, ಬಾಬಾ."
ಐದ.
ಮನಿಗೆ ಹೋದರ ಅಂಗಿ ನೋಡಿ ಆಕಿ ಅವ್ವ ಕೇಳ್ತಾಳ,
ಇವತ್ತೂ ಹೊರಗ ಕುಂದರಸಿದರೇನು ಅಂತ.
ಎದಿ ಮ್ಯಾಲೆ ಒಂದು ಕೆಂಪು ಕಲಿ ಅದ, ತೋರಸ್ತೇನಿ.

ಬೋರ್ಡಿನ ಹುಡುಗ ನಾಕು ತಗದು ಚೀಲಕ್ಕ ಹಾಕಿದ.
ಮುಚ್ಚಳ ಮೊಳಿಗೆ ಜಂಗು ಹಿಡದು ಕೂತಿತ್ತು,
ಎಳದ, ಜಗ್ಗಿದ, ಬೈದ, ಬಿಟ್ಟು ಹೋದ.
ಬಲಿ ಹೆಗಲಿಗೆ ಹಾಕಿಕೊಂಡು ನಾವು ಬಸ್ ಸ್ಟಾಪಿಗೆ ನಡದಿವಿ.
ಕತ್ತಲಾಗಿತ್ತು.
ಹಿಂದ ಎಲ್ಲೋ ಟಣ್ ಅಂತು.